ನೆಗಡಿ ಇಟ್ಟುಕೊಂಡು ನೇತ್ರಾಣಿಯಲ್ಲಿ ನೀರಿಗೆ ಇಳಿಯಬೇಡಿ

ತುಮಕೂರಿನಿಂದ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೋಗುವವರು ಈಗ ಜಾಸ್ತಿ. ಕಳೆದ ಡಿಸೆಂಬರಿನಲ್ಲಿ ನಾವು ಐದು ಜನ ಗೆಳೆಯರೂ ಹೋಗಿದ್ದೆವು. ನಾನು ಎಡಗಿವಿಯ ತಮಟೆ ತೂತು ಮಾಡಿಕೊಂಡು ಬಂದೆ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ನಡೆದದ್ದನ್ನು ಬರೆಯುತ್ತಿದ್ದೇನೆ.

ನಮ್ಮೂರಿನ ಬಿ.ಎಚ್. ರಸ್ತೆಯ ಎಚ್ ಅಂದರೆ ಹೊನ್ನಾವರ. ಅದೇ ದಾರಿ ಹಿಡಿದು ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪ ಘಟ್ಟ ಇಳಿದೆವು. ಹೊರಡುವ ಹಿಂದಿನ ದಿನವೇ ನನಗೆ ಮೂಗು ಕಟ್ಟಿತ್ತು. ಆದರೆ ತಿಂಗಳ ಮೊದಲೇ ತಲೆಗೆ 5,000 ರೂಪಾಯಿ ಕಟ್ಟಿದ್ದೆವು. ಬರೀ ನೆಗಡಿ ತಾನೇ ಅಂದುಕೊಂಡು ಒಂದು ಮಾತ್ರೆ ನುಂಗಿ ಕಾರು ಹತ್ತಿದೆ.

ಬೆಳಿಗ್ಗೆ ಬೋಟು ಹತ್ತುವ ಮುಂಚೆ ಕೈಗೆ ಒಂದು ಫಾರ್ಮ್ ಬಂತು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಅಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ, ಕಿವಿಗೆ ಆಪರೇಷನ್ ಆಗಿದೆಯಾ, ನೆಗಡಿ, ಸೈನಸ್ ಇದೆಯಾ ಅಂತ ಸಾಲು ಸಾಲು ಪ್ರಶ್ನೆ. ನಮ್ಮಲ್ಲಿ ಇಬ್ಬರಿಗೆ ಅದನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಬರುವುದಿಲ್ಲ. ಫಾರ್ಮ್ ಕೊಟ್ಟ ಹುಡುಗ "ಎಲ್ಲದಕ್ಕೂ ನೋ ಅಂತ ಬರೀರಿ ಸರ್, ಬೋಟು ಹೊರಡ್ತದೆ" ಅಂದ. ನನಗೆ ನೆಗಡಿ ಇದೆ ಅಂತ ಅವನಿಗೆ ಹೇಳಿದೆ. "ಎಂತ ಆಗೋದಿಲ್ಲ ಸರ್, ಮೂಗಿಗೆ ಸ್ಪ್ರೇ ಹಾಕಿಕೊಂಡರೆ ಸಾಕು. ಈಗ ಬಿಟ್ಟರೆ ದುಡ್ಡು ವಾಪಸ್ ಇಲ್ಲ" ಅಂದ. ನಾನೂ ನೋ ಅಂತಲೇ ಬರೆದು ಸಹಿ ಹಾಕಿದೆ. ಆ ಸಹಿ ನನ್ನದೇ ತಪ್ಪು, ಒಪ್ಪುತ್ತೇನೆ.

ದ್ವೀಪ ಕರಾವಳಿಯಿಂದ ಸುಮಾರು 19 ಕಿಲೋಮೀಟರ್ ಒಳಗಿದೆ. ಬೋಟು ಒಂದೂವರೆ ಗಂಟೆ ಹೊಯ್ದಾಡಿತು. ಇಬ್ಬರು ವಾಂತಿ ಮಾಡಿಕೊಂಡರು. ದ್ವೀಪದ ಹತ್ತಿರ ನಮ್ಮನ್ನು ನೀರಿಗಿಳಿಸಿ, ಹಗ್ಗ ಹಿಡಿಸಿ, ಹತ್ತು ನಿಮಿಷ ಬಾಯಿಂದ ಉಸಿರಾಡುವುದನ್ನು ಕಲಿಸಿದರು. ಕೈಸನ್ನೆಗಳನ್ನೂ ಹೇಳಿಕೊಟ್ಟರು. ಹೆಬ್ಬೆರಳು ಎತ್ತಿದರೆ ಮೇಲೆ ಹೋಗೋಣ ಅಂತ ಅರ್ಥ, ಚೆನ್ನಾಗಿದೆ ಅಂತಲ್ಲ. ಕಿವಿ ನೋವಾದರೆ ಅಂಗೈ ಅಲ್ಲಾಡಿಸಿ ಕಿವಿ ತೋರಿಸಬೇಕು. ಮೂಗು ಹಿಡಿದು ಮೂಗಿನಿಂದಲೇ ಮೆಲ್ಲಗೆ ಊದಿದರೆ ಕಟ್ಟಿದ ಕಿವಿ ಬಿಡುತ್ತದೆ. ಬೋಟಿನ ಮೇಲೆ ಊದಿ ನೋಡಿದೆ, ಬಲಗಿವಿ ಮಾತ್ರ ಬಿಟ್ಟಿತು. ಅಲ್ಲೇ ನಿಲ್ಲಬೇಕಿತ್ತು.

ನಾನು ಈಜು ಕಲಿತದ್ದು ಅಜ್ಜನ ತೋಟದ ಬಾವಿಯಲ್ಲಿ. ತಳಕ್ಕೆ ನಾಣ್ಯ ಎಸೆದು ಮುಳುಗಿ ತರುವುದು ನಮ್ಮ ಪಂದ್ಯ. ಎರಡಾಳು ಆಳ ಹೋದರೆ ಕಿವಿ ನೋಯುತ್ತಿತ್ತು. ನೋವು ಬಂದ ಕೂಡಲೇ ಕಾಲು ಬಡಿದು ಮೇಲೆ ಬಂದುಬಿಡುತ್ತಿದ್ದೆವು. ಸ್ಕೂಬಾದಲ್ಲಿ ಹಾಗಾಗುವುದಿಲ್ಲ. ಹೊಸಬರ ಬೆನ್ನಿನ ಸಿಲಿಂಡರನ್ನು ಹಿಂದಿನಿಂದ ಇನ್‌ಸ್ಟ್ರಕ್ಟರ್ ಹಿಡಿದಿರುತ್ತಾರೆ. ಜಾಕೆಟ್ಟಿಗೆ ಗಾಳಿ ತುಂಬುವುದು, ಬಿಡುವುದು, ಇಳಿಸುವುದು, ಏರಿಸುವುದು ಎಲ್ಲ ಅವರ ಕೈಯಲ್ಲಿ. ಈಜು ಬಾರದವರನ್ನೂ ಕರೆದೊಯ್ಯಲು ಆಗುವುದು ಇದರಿಂದಲೇ. ಆದರೆ ನಿಮ್ಮ ಕಿವಿಯ ನೋವು ಅವರಿಗೆ ಗೊತ್ತಾಗಬೇಕಾದರೆ ಅವರು ಕಾಯಬೇಕು, ನಿಮ್ಮ ಕೈ ನೋಡಬೇಕು.

ಮೂರು ಮೀಟರ್ ಇಳಿದಿರಬಹುದು. ಎಡಗಿವಿಯೊಳಗೆ ಯಾರೋ ಪೆನ್ಸಿಲ್ ಒತ್ತಿ ತಿರುಗಿಸಿದ ಹಾಗಾಯಿತು. ಅಂಗೈ ಅಲ್ಲಾಡಿಸಿ ಕಿವಿ ತೋರಿಸಿದೆ. ಇನ್‌ಸ್ಟ್ರಕ್ಟರ್ ಮೂಗು ಹಿಡಿದು ತೋರಿಸಿದರು. ಊದಿದೆ, ಬಿಡಲಿಲ್ಲ. ಕ್ಯಾಮೆರಾ ಹಿಡಿದವರು ಕೆಳಗೆ ಹವಳದ ಬಂಡೆ ಹತ್ತಿರ ಕಾಯುತ್ತಿದ್ದರು. ಇನ್ನೂ ಕೆಳಗೆ ಇಳಿಸಿದರು. ನಾನು ಗಾಬರಿಯಿಂದ ಜೋರಾಗಿ ಊದಿದೆ.

ಟಪ್ ಅಂದಿತು. ನೋವು ಒಮ್ಮೆಲೇ ನಿಂತಿತು. ಕಿವಿಯೊಳಗೆ ತಣ್ಣಗೆ ಏನೋ ಹರಿಯಿತು. ಮರುಗಳಿಗೆಯಲ್ಲಿ ಇಡೀ ಸಮುದ್ರ ಗಿರಗಿರ ತಿರುಗತೊಡಗಿತು. ಮೇಲೆ ಯಾವ ಕಡೆ ಅಂತಲೇ ತಿಳಿಯಲಿಲ್ಲ. ನನ್ನ ಬಾಯಿಂದ ಹೊರಟ ಗುಳ್ಳೆಗಳು ಹೋಗುತ್ತಿದ್ದ ದಿಕ್ಕು ನೋಡಿ, ಮೇಲೆ ಅಂದರೆ ಅತ್ತ ಅಂತ ಗುರುತು ಹಿಡಿದೆ. ಹೆಬ್ಬೆರಳು ಎತ್ತಿ ಎತ್ತಿ ತೋರಿಸಿದೆ. ಆಗ ಮೇಲೆ ತಂದರು. ಮಾಸ್ಕ್ ತೆಗೆದರೆ ಒಳಗೆ ಮೂಗಿನ ರಕ್ತ.

ಬೋಟಿನಲ್ಲಿ "ಹೊಸಬರಿಗೆ ಹೀಗೆ ಆಗ್ತದೆ, ಸಂಜೆಗೆ ಸರಿಹೋಗ್ತದೆ" ಅಂದರು. ದಡಕ್ಕೆ ಬಂದು ಗೆಳೆಯರು ಜಗಳಕ್ಕೆ ನಿಂತಾಗ ಅದೇ ಫಾರ್ಮ್ ಮುಂದಿಟ್ಟರು. "ನೀವೇ ನೋ ಅಂತ ಬರೆದಿದ್ದೀರಲ್ಲ ಸರ್." ನಮಗೆ ಉತ್ತರ ಇರಲಿಲ್ಲ. ಉಳಿದ ನಾಲ್ವರಿಗೂ ಏನೂ ಆಗಲಿಲ್ಲ, ಅದನ್ನೂ ಹೇಳಬೇಕು. ಗಿಳಿಮೀನು, ಚಿಟ್ಟೆಮೀನಿನ ಹಿಂಡು ನೋಡಿ ಖುಷಿಯಾಗಿ ಬಂದರು. ಡೈವಿಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ.

ರೂಮಿಗೆ ಬಂದಾಗ ಗೆಳೆಯನೊಬ್ಬ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಕಿವಿಗೆ ಬಿಡಲು ಬಂದ. ನಮ್ಮ ಮನೆಗಳಲ್ಲಿ ಮಾಡುವುದೇ ಅದು ಅಲ್ವಾ. ಯಾಕೋ ಬೇಡ ಅಂದೆ. ತುಮಕೂರಿಗೆ ಬಂದ ಮೇಲೆ ಕಿವಿ ಡಾಕ್ಟರು ಮೊದಲು ಕೇಳಿದ್ದೇ "ಎಣ್ಣೆ ಬಿಟ್ಟಿರಾ?" ಅಂತ. ತಮಟೆ ತೂತಾಗಿರುವಾಗ ಎಣ್ಣೆಯಾಗಲಿ, ಕೇಳದೆ ತಂದ ಡ್ರಾಪ್ಸ್ ಆಗಲಿ ಹಾಕಿದರೆ ನೇರ ನಡುಗಿವಿಗೆ ಇಳಿದು ಕೀವಾಗಬಹುದು.

ಏನಾಯಿತು ಅಂತ ಅವರೇ ಬಿಡಿಸಿ ಹೇಳಿದರು. ತಮಟೆಯ ಹಿಂದಿನ ಜಾಗದಿಂದ ಗಂಟಲ ಹಿಂಭಾಗಕ್ಕೆ ಒಂದು ಸಣ್ಣ ನಾಳ ಇದೆ. ನುಂಗಿದಾಗ, ಆಕಳಿಸಿದಾಗ ಅದು ತೆರೆದು ಒಳಗೂ ಹೊರಗೂ ಒತ್ತಡ ಸಮವಾಗುತ್ತದೆ. ನೆಗಡಿಯಲ್ಲಿ ಅದು ಊದಿ ಮುಚ್ಚಿಕೊಳ್ಳುತ್ತದೆ. ನೀರಿನಲ್ಲಿ ಬರೀ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟು. ಅದು ಮತ್ತೆ ದುಪ್ಪಟ್ಟಾಗಲು 30 ಮೀಟರ್ ತನಕ ಹೋಗಬೇಕು. ಅಂದರೆ ಕಿವಿಗೆ ಕಷ್ಟ ಹೆಚ್ಚಿರುವುದೇ ಮೇಲಿನ ಕೆಲವು ಮೀಟರಿನಲ್ಲಿ. "ನಾವು ಜಾಸ್ತಿ ಆಳ ಹೋಗಲ್ಲ" ಅನ್ನುವ ಸಮಾಧಾನ ಕಿವಿಗೆ ಅನ್ವಯಿಸುವುದಿಲ್ಲ. ಸಮುದ್ರ ಎಷ್ಟೇ ಬೆಚ್ಚಗಿದ್ದರೂ ಮೈಯ ಬಿಸಿಗಿಂತ ತಣ್ಣಗೇ. ಆ ನೀರು ಒಳಗೆ ನುಗ್ಗಿದ್ದಕ್ಕೇ ತಲೆ ಸುತ್ತಿದ್ದು. ಸ್ಪ್ರೇ, ಮಾತ್ರೆಯ ಕಥೆ ಇನ್ನೂ ಅಪಾಯದ್ದು. ಅದರ ಬಲದಲ್ಲಿ ಇಳಿದುಬಿಡುತ್ತೀರಿ. ಕೆಳಗಿದ್ದಾಗ ಔಷಧದ ಶಕ್ತಿ ಮುಗಿದರೆ ಗಾಳಿ ಕಿವಿಯೊಳಗೆ ಸಿಕ್ಕಿಕೊಂಡು ಮೇಲೆ ಬರುವುದೇ ಕಷ್ಟವಾಗುತ್ತದೆ.

ಎರಡು ತಿಂಗಳು ಹತ್ತಿಗೆ ವ್ಯಾಸಲೀನ್ ಸವರಿ ಕಿವಿಗಿಟ್ಟುಕೊಂಡು ತಲೆಸ್ನಾನ ಮಾಡಿದೆ. ತೂತು ತಾನಾಗಿ ಮುಚ್ಚಿತು. ಆದರೆ ರಾತ್ರಿ ಮಲಗಿದಾಗ ಎಡಗಿವಿಯಲ್ಲಿ ಗುಂಯ್ ಅನ್ನುವ ಸದ್ದು ಈಗಲೂ ಇದೆ.

ಹೋಗುವವರು ದುಡ್ಡು ಕಟ್ಟುವ ಮೊದಲೇ ಒಂದು ಮಾತು ಕೇಳಿ: ನೆಗಡಿ ಬಂದರೆ ದಿನ ಬದಲಾಯಿಸಿ ಕೊಡುತ್ತೀರಾ? ಇಲ್ಲ ಅಂದರೆ ಬೇರೆಯವರನ್ನು ಹುಡುಕಿ. ಫಾರ್ಮನ್ನು ಹಿಂದಿನ ದಿನವೇ ವಾಟ್ಸಾಪಿಗೆ ತರಿಸಿಕೊಂಡು, ಇಂಗ್ಲಿಷ್ ಬಾರದ ಗೆಳೆಯನಿಗೆ ಕನ್ನಡದಲ್ಲಿ ಓದಿ ಹೇಳಿ. ನೀರಿನಲ್ಲಿ ನೋವು ಶುರುವಾಗುವ ಮುಂಚಿನಿಂದಲೇ, ಇಳಿಯುತ್ತಾ ಇಳಿಯುತ್ತಾ ಮೆಲ್ಲಗೆ ಊದುತ್ತಿರಿ. ಬಿಡದಿದ್ದರೆ ಜೋರಾಗಿ ಊದಲೇಬೇಡಿ, ಹೆಬ್ಬೆರಳು ಎತ್ತಿ. ಆದರೆ ಮೇಲೆ ಬರುವಾಗ ಉಸಿರು ಮಾತ್ರ ಕಟ್ಟಬೇಡಿ, ಶ್ವಾಸಕೋಶದಲ್ಲಿರುವ ಗಾಳಿ ಹಿಗ್ಗುತ್ತದೆ.

ಇನ್ನೊಂದು, ನಮ್ಮ ಕಡೆಯವರು ಯಾರೂ ಯೋಚಿಸದ್ದು. ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಆದರೆ 18 ಗಂಟೆ ಕಾಯಬೇಕು ಅನ್ನುವ ಸಲಹೆ ಇದೆ. ನೀರಿನಡಿ ಉಸಿರಾಡಿದ ಗಾಳಿಯಿಂದ ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲು ಬೇಕಾದ ಸಮಯ ಅದು, ಅದಕ್ಕೆ ಮುಂಚೆ ಎತ್ತರಕ್ಕೆ ಹೋದರೆ ಅದು ಮೈಯೊಳಗೇ ಗುಳ್ಳೆಯಾಗಬಹುದು. ಎತ್ತರದ ಊರಿಗೆ ಗಾಡಿಯಲ್ಲಿ ಹತ್ತುವುದಕ್ಕೂ ಇದೇ ಎಚ್ಚರ ಬೇಕು. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ನಾವು ಅದೇ ಸಂಜೆ ಘಟ್ಟ ಹತ್ತಿದೆವು, ಸಾಗರ ಬರುವಷ್ಟರಲ್ಲಿ ನೆಗಡಿಗೆ ನನ್ನ ಬಲಗಿವಿಯೂ ಕಟ್ಟಿಕೊಂಡು ಗೆಳೆಯರ ಮಾತೇ ಕೇಳಿಸುತ್ತಿರಲಿಲ್ಲ. ನೀವು ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಬೆಳಿಗ್ಗೆ ತಿಂಡಿ ತಿಂದು ಹೊರಡಿ.