ಮೋಟರ್‌ಹೋಮ್‌ಗೆ ಲಿಥಿಯಂ ಜಂಪ್ ಸ್ಟಾರ್ಟರ್: ಯಾವಾಗ ಕೈ ಹಿಡಿಯುತ್ತದೆ, ಯಾವಾಗ ಇಲ್ಲ

ಡಬ್ಬಿಯ ಮೇಲೆ 2000 ಆಂಪ್ ಎಂದು ಬರೆದಿರುವ 12 ವೋಲ್ಟ್ ಲಿಥಿಯಂ ಜಂಪ್ ಸ್ಟಾರ್ಟರ್ ಇದು, ಅಂದರೆ ಇಳಿದ ಬ್ಯಾಟರಿಗೆ ಹೊರಗಿನಿಂದ ಕರೆಂಟ್ ಕೊಟ್ಟು ಎಂಜಿನ್ ಸ್ಟಾರ್ಟ್ ಮಾಡಿಸುವ ಚಿಕ್ಕ ಪೆಟ್ಟಿಗೆ. ಫೋರ್ಸ್ ಟ್ರಾವೆಲರ್ ವ್ಯಾನಿನ ಶಾಸಿಯ ಮೇಲೆ ಕಟ್ಟಿದ 2.6 ಲೀಟರ್ ಡೀಸೆಲ್ ಮೋಟರ್‌ಹೋಮ್‌ನಲ್ಲಿ ಬೇಸಿಗೆ, ಮಳೆಗಾಲ ಎರಡನ್ನೂ ದಾಟಿ ಬಳಕೆಯಲ್ಲಿದೆ. ಬ್ಯಾಟರಿ ಡೌನ್ ಆದಾಗ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆದರೆ ಗಾಡಿ ಸ್ಟಾರ್ಟ್ ಆಗದಿರಲು ಬ್ಯಾಟರಿ ಹಲವು ಕಾರಣಗಳಲ್ಲಿ ಒಂದು ಅಷ್ಟೆ. ಹಾಗಾಗಿ ಜೊತೆಗೊಂದು ಸಾಧಾರಣ ಮಲ್ಟಿಮೀಟರ್ (ವೋಲ್ಟ್, ಆಂಪ್ ಅಳೆಯುವ ಮೀಟರ್) ಇಲ್ಲದೆ ಇದನ್ನು ಕೊಳ್ಳಬೇಡಿ.

2000 ಆಂಪ್ ಎಂಬುದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ಅದನ್ನು ನಂಬಿ ಸೆಲ್ಫ್ ಹೊಡೆಯುತ್ತಲೇ ಇರುವಂತಿಲ್ಲ. 24 ವೋಲ್ಟ್‌ನ ಬಸ್ ಶಾಸಿ ಇದ್ದವರಿಗೆ ಇದು ಬೇಡವೇ ಬೇಡ.

ಪೆಟ್ಟಿಗೆ ತೆಗೆಯುವ ಮೊದಲು ಕೀ ತಿರುಗಿಸಿ ಕಿವಿಗೊಡಿ. ಟಕಟಕ ಎಂದು ಬಡಿದುಕೊಂಡು ಡ್ಯಾಶ್‌ಬೋರ್ಡ್ ದೀಪಗಳು ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಒಂದೇ ಒಂದು ದೊಡ್ಡ 'ಟಕ್' ಬಂದು ಸುಮ್ಮನಾದರೆ ಸೆಲ್ಫ್ ಮೋಟರ್, ಅದಕ್ಕೆ ಕರೆಂಟ್ ಬಿಡುವ ಸೊಲೆನಾಯ್ಡ್ ಅಥವಾ ದಪ್ಪ ಕೇಬಲ್ ನೋಡಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಇಗ್ನಿಷನ್ ಸ್ವಿಚ್, ಕ್ಲಚ್ ಸ್ವಿಚ್, ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಲಾಕ್) ದೀಪ ನೋಡಿ. ಎಂಜಿನ್ ಚುರುಕಾಗಿ ತಿರುಗುತ್ತಿದೆ, ಆದರೆ ಹಿಡಿಯುತ್ತಿಲ್ಲ ಎಂದರೆ ತೊಂದರೆ ಹೆಚ್ಚಾಗಿ ಡೀಸೆಲ್ ಬರುವ ದಾರಿಯಲ್ಲಿ. ಅಲ್ಲಿ ಈ ಯಂತ್ರಕ್ಕೆ ಏನೂ ಕೆಲಸವಿಲ್ಲ.

ಇನ್ನು ಮೀಟರ್. ಗಾಡಿ ನಿಂತು ಕೆಲವು ಗಂಟೆ ಆದ ಮೇಲೆ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ, 12.0ಕ್ಕೆ ಬಂದರೆ ಕಾಲು ಭಾಗ ಉಳಿದಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಜಾರಿದರೆ ಮಾತ್ರ ಜಂಪ್ ಸ್ಟಾರ್ಟರ್ ಹೊರಗೆ ಬರಲಿ. 12.6 ಇದ್ದು, ಸೆಲ್ಫ್ ಹೊಡೆದಾಗಲೂ 11ರ ಮೇಲೇ ನಿಂತು, ಆದರೂ ಎಂಜಿನ್ ತಿರುಗದಿದ್ದರೆ ಬ್ಯಾಟರಿಯ ತಪ್ಪಲ್ಲ.

ಮೋಟರ್‌ಹೋಮ್‌ನವರು ಎಡವುವ ಜಾಗ ಇನ್ನೊಂದಿದೆ. ಒಳಗೆ ಲೈಟು, ಫ್ಯಾನು, ಫ್ರಿಜ್ ಎಲ್ಲ ಚೆನ್ನಾಗಿ ನಡೆಯುತ್ತಿರುತ್ತವೆ. ಆದ್ದರಿಂದ ಬ್ಯಾಟರಿ ಸರಿ ಇದೆ ಎಂದುಕೊಳ್ಳುತ್ತಾರೆ. ಅವು ನಡೆಯುವುದು ವಾಸದ ಭಾಗಕ್ಕೆಂದೇ ಇರುವ ಹೌಸ್ ಬ್ಯಾಟರಿಯಿಂದ, ಎಂಜಿನ್ನಿನದು ಬೇರೆ. ಒಳಗಿನ ಪ್ಯಾನೆಲ್ ನೋಡಬೇಡಿ, ಎಂಜಿನ್ ಬ್ಯಾಟರಿಯ ಟರ್ಮಿನಲ್‌ಗೇ ಮೀಟರ್ ಇಡಿ. ಹೌಸ್ ಬ್ಯಾಟರಿಯಿಂದ ನೇರ ಕೇಬಲ್ ಎಳೆಯುವ ಆಲೋಚನೆಯೂ ಎಲ್ಲ ಕಡೆ ನಡೆಯದು. ಅದು ಲಿಥಿಯಂ ಆಗಿದ್ದು ಅದರೊಳಗಿನ ರಕ್ಷಣಾ ಸರ್ಕ್ಯೂಟ್‌ನ (ಬಿಎಂಎಸ್) ಮಿತಿ 100 ಆಂಪ್ ಇದ್ದರೆ, ನೂರಾರು ಆಂಪ್ ಕೇಳುವ ಡೀಸೆಲ್ ಸೆಲ್ಫ್‌ಗೆ ಅದು ಅರೆಕ್ಷಣದಲ್ಲಿ ಕಟ್ ಆಗಿಬಿಡುತ್ತದೆ.

ಜೋಡಿಸುವ ಕ್ರಮ: ಕೆಂಪು ಕ್ಲಾಂಪ್ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕ್ಲಾಂಪ್ ಎಂಜಿನ್ ಬ್ಲಾಕ್‌ನ ಬಣ್ಣವಿಲ್ಲದ ಬೋಲ್ಟಿಗೆ. ಒಂದು ನಿಮಿಷ ಬಿಡಿ. ಡ್ಯಾಶ್‌ಬೋರ್ಡಿನಲ್ಲಿ ಹೀಟರ್ (ಗ್ಲೋ ಪ್ಲಗ್) ದೀಪ ಆರಿದ ಮೇಲೆ ಐದು ಸೆಕೆಂಡ್ ಸೆಲ್ಫ್, ಆಮೇಲೆ ಒಂದು ನಿಮಿಷ ವಿರಾಮ. ಮೂರು ಸಲಕ್ಕೂ ಹಿಡಿಯದಿದ್ದರೆ ನಿಲ್ಲಿಸಿ. ಹಿಡಿದ ಕೂಡಲೇ ಕ್ಲಾಂಪ್ ತೆಗೆಯಿರಿ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ 14 ವೋಲ್ಟ್ ಜಂಪ್ ಸ್ಟಾರ್ಟರ್‌ಗೆ ಹಿಂದಕ್ಕೆ ಹರಿಯಬಾರದು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ಕಾಣದಿದ್ದರೆ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿಲ್ಲ. ಎಂಜಿನ್ ಆಫ್ ಮಾಡದೆ ಸೀದಾ ಗ್ಯಾರೇಜಿಗೆ ಹೋಗಿ.

ಬ್ಯಾಟರಿ ಪೂರ್ತಿ ಸತ್ತಿದ್ದರೆ ಯಂತ್ರಕ್ಕೆ ವೋಲ್ಟೇಜೇ ಸಿಗದೆ ಹಸಿರು ದೀಪ ಹತ್ತುವುದಿಲ್ಲ. ಆಗ ಬೂಸ್ಟ್ ಗುಂಡಿ ಒತ್ತಬೇಕು. ಈ ಗುಂಡಿ ಉಲ್ಟಾ ಕನೆಕ್ಷನ್ ತಡೆಯುವ ರಕ್ಷಣೆಯನ್ನೂ ಬದಿಗಿಡುತ್ತದೆ. ಒತ್ತುವ ಮೊದಲು ಪ್ಲಸ್, ಮೈನಸ್ ಎರಡೆರಡು ಸಲ ನೋಡಿ.

ಹಲವು ಸಲ ಇದನ್ನು ಹಚ್ಚುವುದೇ ಬೇಕಾಗುವುದಿಲ್ಲ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮೈನಸ್ ಮೊದಲು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆದು, ಒರೆಸಿ, ಬಿಗಿ ಮಾಡಿ. ಎಂಜಿನ್ನಿನಿಂದ ಶಾಸಿಗೆ ಹೋಗುವ ಅರ್ಥ್ ಪಟ್ಟಿಯ ಮೇಲೂ ಕಣ್ಣಿರಲಿ. ಸೆಲ್ಫ್ ಹೊಡೆದ ಮೇಲೆ ಅದರ ತುದಿ ಕೈಗೆ ಬಿಸಿ ಹತ್ತಿದರೆ ಒಳಗೆ ತುಕ್ಕು ಹಿಡಿದಿದೆ. ಜಂಪರ್ ಕೇಬಲ್ಲಿನಿಂದ ಬ್ಯಾಟರಿ ಮೈನಸ್ ಮತ್ತು ಎಂಜಿನ್ ಬ್ಲಾಕ್ ಜೋಡಿಸಿದಾಗ ಚುರುಕಾಗಿ ತಿರುಗಿತೆಂದರೆ ಪಟ್ಟಿ ಬದಲಿಸಿ, ಹೊಸ ಬ್ಯಾಟರಿಗೆ ದುಡ್ಡು ಸುರಿಯಬೇಡಿ.

ತಿರುಗಿಯೂ ಹಿಡಿಯದಿದ್ದಾಗ ಡೀಸೆಲ್ ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ ನೀರು ಹೊರಬಿಡಿ, ಬರಿ ಡೀಸೆಲ್ ಬಂದಾಗ ಮುಚ್ಚಿ. ಕೈ ಪಂಪ್ ಗಟ್ಟಿಯಾಗುವ ತನಕ ಒತ್ತಿ ಏರ್ ತೆಗೆಯಿರಿ. ಹಳೆಯ ಎಂಜಿನ್‌ಗಳಲ್ಲಿ ಮಾಡುವಂತೆ ಇಂಜೆಕ್ಟರ್ ಪೈಪ್ ನಟ್ ಸಡಿಲಿಸಲು ಕಾಮನ್ ರೈಲ್‌ನಲ್ಲಿ (ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರ್‌ಗೂ ಭಾರಿ ಒತ್ತಡದ ಡೀಸೆಲ್ ಹೋಗುವ ಎಂಜಿನ್) ಹೋಗಬೇಡಿ. ಸೆಲ್ಫ್ ಹೊಡೆಯುವಾಗಲೇ ಅಲ್ಲಿ ನೂರಾರು ಬಾರ್ ಒತ್ತಡ ಏರುತ್ತದೆ. ಸೂಜಿಮೊನೆಯಂಥ ಆ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಪದೇ ಪದೇ ಜಂಪ್ ಬೇಕಾಗುತ್ತಿದೆಯೇ? ಹಾಗಾದರೆ ಎಲ್ಲೋ ಕರೆಂಟ್ ಸೋರುತ್ತಿರಬಹುದು. ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು, ಮೈನಸ್ ಕೇಬಲ್ ಮಧ್ಯೆ ಮೀಟರನ್ನು 10 ಆಂಪ್ ರೇಂಜಿನಲ್ಲಿ ಇಡಿ. 50 ಮಿಲಿಆಂಪ್ ಒಳಗಿರಬೇಕು. ಆ 50 ಕೂಡ ದಿನಕ್ಕೆ 1.2 ಆಂಪ್-ಅವರ್ ತಿನ್ನುತ್ತದೆ, ಅಂದರೆ 30 ದಿನಕ್ಕೆ 36. 70 ಆಂಪ್-ಅವರ್ ಬ್ಯಾಟರಿಯ ಅರ್ಧ. ಬಾಡಿಗೆಗೆ ಓಡುವ ಹಳದಿ ಬೋರ್ಡ್ ಗಾಡಿಗಳಲ್ಲಿ ಜಿಪಿಎಸ್ ಟ್ರ್ಯಾಕರ್ ಬೇರೆ ಇರುತ್ತದೆ. ಹೆಚ್ಚು ಬಂದರೆ ಫ್ಯೂಸ್ ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಸರ್ಕ್ಯೂಟ್ ಹಿಡಿಯಿರಿ. ಮೀಟರ್ ಹೀಗಿದ್ದಾಗ ಮರೆತು ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಯಿತೆಂದೇ ಲೆಕ್ಕ.

ಕೊರತೆಗಳೂ ಇವೆ. ಕೇಬಲ್ ಗಿಡ್ಡ, ಬ್ಯಾಟರಿ ಸೀಟಿನ ಕೆಳಗಿದ್ದರೆ ಕಪ್ಪು ಕ್ಲಾಂಪ್ ಎಂಜಿನ್‌ವರೆಗೆ ಎಟುಕುವುದಿಲ್ಲ, ಆಗ ಹತ್ತಿರದ ಶಾಸಿ ಬೋಲ್ಟ್ ಹುಡುಕಬೇಕು. ಕ್ಲಾಂಪಿನ ಸ್ಪ್ರಿಂಗ್ ಈಗ ಮೊದಲಿನಷ್ಟು ಬಿಗಿಯಿಲ್ಲ. ಡ್ಯಾಶ್‌ಬೋರ್ಡಿನ ಬಿಸಿಲಲ್ಲಿ ಇಟ್ಟರೆ ಸೆಲ್ ಉಬ್ಬುತ್ತದೆ. ಸೀಟಿನ ಕೆಳಗೆ ನೆರಳಲ್ಲಿಟ್ಟು, ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಳೆದದ್ದು ಕೇಬಲ್ಲಿಗೆ.