ಕೀವರ್ಡ್ ಪ್ಲಾನರ್: ಜಾಹೀರಾತಿನವರ ಲೆಕ್ಕ, ಸಣ್ಣ ವ್ಯಾಪಾರಿಯ ಅಗತ್ಯ

ಬೆಂಗಳೂರಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕಲಿಸುವ ಹೆಚ್ಚಿನ ತರಗತಿಗಳಲ್ಲಿ ಶುರುವಿನಲ್ಲೇ ಪರಿಚಯವಾಗುವ ಸಾಧನವೆಂದರೆ ಗೂಗಲ್‌ನ ಕೀವರ್ಡ್ ಪ್ಲಾನರ್. ಜನರು ಏನೆಂದು ಟೈಪ್ ಮಾಡಿ ಹುಡುಕುತ್ತಾರೆ, ತಿಂಗಳಿಗೆ ಸುಮಾರು ಎಷ್ಟು ಬಾರಿ ಹುಡುಕುತ್ತಾರೆ, ಆ ಪದಕ್ಕೆ ಜಾಹೀರಾತು ಕೊಡಲು ಎಷ್ಟು ಖರ್ಚಾಗಬಹುದು ಎಂಬುದನ್ನು ಇದು ತೋರಿಸುತ್ತದೆ. ಗೂಗಲ್ ತನ್ನ ಹಳೆಯ ಕೀವರ್ಡ್ ಟೂಲ್ ಅನ್ನು ನಿಲ್ಲಿಸಿ ಅದರ ಜಾಗಕ್ಕೆ 2013ರಲ್ಲಿ ಪ್ಲಾನರ್ ಅನ್ನು ತಂದಿತು. ಸಣ್ಣ ಅಂಗಡಿಗಳ ಮತ್ತು ಮನೆಯಲ್ಲೇ ತಯಾರಿಸಿ ಮಾರುವವರ ಜಾಲತಾಣಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ ಈ ಸಾಧನದ ಮುಂದೆ ಕೂರುವುದು ನನಗೆ ದಿನನಿತ್ಯದ ಮಾತು. ಕೈಯಲ್ಲಿ ಹೆಚ್ಚು ಬಂಡವಾಳವಿಲ್ಲದೆ, ಯಾವ ನಿಶ್ (ಗುರಿಯಾಗಿಸಿಕೊಳ್ಳುವ ನಿರ್ದಿಷ್ಟ ಸಣ್ಣ ಮಾರುಕಟ್ಟೆ) ಅನ್ನು ಹಿಡಿಯಬೇಕು ಎಂದು ಇನ್ನೂ ತೀರ್ಮಾನಿಸದೆ ಇರುವ ಹೊಸಬರಿಗೆ ಇದು ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವ್ಯಾಪ್ತಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಸಾಧನ ಒಳ್ಳೆಯದೇ; ಆದರೆ ಎಲ್ಲರೂ ಮೊದಲು ಕಣ್ಣು ಹಾಯಿಸುವ ಕಾಲಮ್ ಹೊಸಬರಿಗೆ ಅತ್ಯಂತ ಕಡಿಮೆ ಉಪಯೋಗದ್ದು.

ಪ್ಲಾನರ್ ಉಚಿತ ಎಂಬುದು ನಿಜವಾದರೂ ಅದರ ಬಾಗಿಲು ಗೂಗಲ್‌ನಲ್ಲಿ ಜಾಹೀರಾತು ಕೊಡುವ ವ್ಯವಸ್ಥೆಯಾದ ಗೂಗಲ್ ಆಡ್ಸ್ ಖಾತೆಯ ಒಳಗಡೆ ಇದೆ. ಹೊಸ ಖಾತೆ ತೆರೆಯಲು ಹೊರಟವರನ್ನು ಪರದೆಯು ನೇರವಾಗಿ ಮೊದಲ ಜಾಹೀರಾತು ತಯಾರಿಸುವ ಹಂತಕ್ಕೇ ಕರೆದೊಯ್ಯುತ್ತದೆ. ಅಲ್ಲಿ ಅವಸರ ಮಾಡದೆ ಎಲ್ಲ ಸೌಲಭ್ಯಗಳೂ ಸಿಗುವ ಎಕ್ಸ್‌ಪರ್ಟ್ ಮೋಡ್‌ಗೆ ಬದಲಾಯಿಸಿಕೊಂಡು, ಕ್ಯಾಂಪೇನ್ (ಜಾಹೀರಾತು ಅಭಿಯಾನ) ಇಲ್ಲದೆಯೇ ಖಾತೆ ತೆರೆಯುವ ದಾರಿಯನ್ನು ಹುಡುಕಿಕೊಳ್ಳಬೇಕು. ಬಿಲ್ಲಿಂಗ್ ವಿವರ ತುಂಬದೆ ಪ್ಲಾನರ್ ಪೂರ್ತಿಯಾಗಿ ತೆರೆದುಕೊಳ್ಳುವುದಿಲ್ಲ. ಇಲ್ಲಿಗೆ ಬಂದಾಗ ಅನೇಕರು ಹೆದರಿ ಹಿಂದೆ ಸರಿಯುತ್ತಾರೆ. ಯಾವ ಕ್ಯಾಂಪೇನ್ ಕೂಡ ಚಾಲ್ತಿಯಲ್ಲಿರದಿದ್ದರೆ ಜಾಹೀರಾತಿನ ಖರ್ಚು ಬೀಳುವುದಿಲ್ಲ, ಆದ್ದರಿಂದ ಭಯಪಡುವ ಕಾರಣವಿಲ್ಲ. ಆದರೂ ಉಚಿತವೆಂದು ಕರೆದು ಕಾರ್ಡಿನ ವಿವರ ಕೇಳುವ ಈ ಕ್ರಮ ನನಗೆ ಇಂದಿಗೂ ಸರಿಕಾಣುವುದಿಲ್ಲ.

ಒಳಗೆ ಹೋದ ಮೇಲೆ ಕಾಣುವ ಮುಖ್ಯ ಅಂಕಣ ತಿಂಗಳ ಸರಾಸರಿ ಹುಡುಕಾಟದ್ದು. ಜಾಹೀರಾತಿಗೆ ಹಣ ಹಾಕದ ಖಾತೆಗಳಿಗೆ 2016ರಿಂದೀಚೆಗೆ ಇಲ್ಲಿ ನಿಖರ ಸಂಖ್ಯೆ ಸಿಗುವುದಿಲ್ಲ. 100ರಿಂದ 1 ಸಾವಿರ, 1 ಸಾವಿರದಿಂದ 10 ಸಾವಿರ ಎಂಬಂತಹ ಹತ್ತು ಪಟ್ಟು ಅಗಲದ ವ್ಯಾಪ್ತಿಯನ್ನು ಮಾತ್ರ ಕೊಡಲಾಗುತ್ತದೆ. ಅಂದರೆ ತಿಂಗಳಿಗೆ 1,100 ಬಾರಿ ಹುಡುಕಲಾಗುವ ಪದವೂ 9,500 ಬಾರಿ ಹುಡುಕಲಾಗುವ ಪದವೂ ಒಂದೇ ಸಾಲಿನಲ್ಲಿ ಒಂದೇ ತೂಕದಂತೆ ಕುಳಿತಿರುತ್ತವೆ. ಇದರ ಮೇಲೆ, ಏಕವಚನ, ಬಹುವಚನದಂತಹ ಒಂದೇ ಪದದ ಹತ್ತಿರದ ರೂಪಗಳನ್ನೆಲ್ಲ ಪ್ಲಾನರ್ ಒಟ್ಟಿಗೆ ಸೇರಿಸಿ ಎಣಿಸುವುದುಂಟು. ಎರಡು ಪದಗಳ ನಡುವೆ ಒಂದನ್ನು ಆರಿಸಿಕೊಳ್ಳಬೇಕಾದ ಹೊಸಬರಿಗೆ ಈ ಅಂಕಣ ಹೆಚ್ಚು ಸಹಾಯ ಮಾಡುವುದಿಲ್ಲ. ಬೇಡಿಕೆ ಇದೆಯೇ ಇಲ್ಲವೇ ಎಂಬ ಒರಟು ಉತ್ತರಕ್ಕೆ ಮಾತ್ರ ಇದು ಸಾಕು.

ಇನ್ನು ಕಾಂಪಿಟಿಷನ್ ಎಂಬ ಕಾಲಮ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಲೋ, ಮೀಡಿಯಂ, ಹೈ ಎಂದು ಅದು ತೋರಿಸುವುದು ಜಾಹೀರಾತಿನ ಜಾಗಕ್ಕಾಗಿ ಎಷ್ಟು ಮಂದಿ ಪೈಪೋಟಿ ನಡೆಸುತ್ತಿದ್ದಾರೆ ಎಂಬುದನ್ನೇ ಹೊರತು, ಹಣ ಕೊಡದೆ ಹುಡುಕಾಟದ ಮೊದಲ ಪುಟಕ್ಕೆ ಬರುವುದು ಎಷ್ಟು ಕಷ್ಟ ಎಂಬುದನ್ನಲ್ಲ. ವಿಕಿಪೀಡಿಯ, ದೊಡ್ಡ ಪತ್ರಿಕೆಗಳು, ಹೆಸರಾಂತ ಅಡುಗೆ ತಾಣಗಳು ಮೊದಲ ಪುಟವನ್ನು ಪೂರ್ತಿ ಹಿಡಿದು ಕುಳಿತಿರುವ ಪದಕ್ಕೂ ಇಲ್ಲಿ ಲೋ ಎಂದು ಬರಬಹುದು, ಏಕೆಂದರೆ ಆ ಪದಕ್ಕೆ ಯಾರೂ ಜಾಹೀರಾತು ಕೊಡುತ್ತಿರುವುದಿಲ್ಲ. ನಮ್ಮ ಅತ್ತಿಗೆ ಸೇರಿದ್ದ ವಾರಾಂತ್ಯದ ತರಗತಿಯೊಂದರಲ್ಲಿ ‘ಹುಡುಕಾಟ ಹೆಚ್ಚು, ಕಾಂಪಿಟಿಷನ್ ಲೋ’ ಎಂಬ ಎರಡು ಷರತ್ತುಗಳನ್ನು ಸೂತ್ರದಂತೆ ಮುದ್ರಿಸಿ ಹಾಳೆಯನ್ನು ಹಂಚಿದ್ದರು. ಆ ಹಾಳೆಯನ್ನು ನಂಬಿ ಆರು ತಿಂಗಳು ಬರೆದರೂ ಓದುಗರು ಬರದೆ ಕೈಚೆಲ್ಲುವವರನ್ನು ನೋಡಿದಾಗ, ತಪ್ಪು ಸಾಧನದ್ದಲ್ಲ, ಅದನ್ನು ಕಲಿಸುವ ಬಗೆಯದ್ದು ಎಂದು ಅನ್ನಿಸುತ್ತದೆ.

ಹಾಗಾದರೆ ಉಪಯೋಗದ ಕಾಲಮ್ ಯಾವುದು? ಪುಟದ ಮೇಲ್ಭಾಗದ ಜಾಹೀರಾತಿಗೆ ಹಿಂದೆ ಕೊಟ್ಟಿರುವ ಬಿಡ್ (ಒಂದು ಕ್ಲಿಕ್‌ಗೆ ಜಾಹೀರಾತುದಾರರು ಕೂಗುವ ಬೆಲೆ) ಎಷ್ಟು ಎಂದು ಕೆಳತುದಿ ಮತ್ತು ಮೇಲ್ತುದಿಯಾಗಿ ತೋರಿಸುವ ಎರಡು ಕಾಲಮ್‌ಗಳು. ಒಂದು ಪದಕ್ಕೆ ವ್ಯಾಪಾರಿಗಳು ಕೈಯಿಂದ ದುಡ್ಡು ಹಾಕುತ್ತಿದ್ದಾರೆ ಎಂದರೆ ಆ ಪದವನ್ನು ಹುಡುಕಿ ಬರುವವರಲ್ಲಿ ಕೊಳ್ಳುವವರು ಇದ್ದಾರೆ ಎಂದೇ ಅರ್ಥ. ಬೆಂಗಳೂರಿನಲ್ಲಿ ಇಂಟೀರಿಯರ್ ಡಿಸೈನರ್, ಪ್ಯಾಕರ್ಸ್ ಅಂಡ್ ಮೂವರ್ಸ್ ಮುಂತಾದ ಪದಗಳ ಬಿಡ್ ಅನ್ನು ಚಟ್ನಿಪುಡಿಯ ಬಿಡ್ ಜೊತೆ ಇಟ್ಟು ನೋಡಿದರೆ ನಗರದ ಹಣ ಎತ್ತ ಹರಿಯುತ್ತಿದೆ ಎಂಬುದು ತಾನಾಗಿ ತಿಳಿಯುತ್ತದೆ. ಹೊಸಬರು ಈ ಬಿಡ್ ಅನ್ನು ಹಿಡಿದು ಒಂದು ಲೆಕ್ಕ ಹಾಕಿಕೊಳ್ಳಬೇಕು. ಒಂದು ಕ್ಲಿಕ್‌ಗೆ 10 ರೂಪಾಯಿ ಎಂದಿಟ್ಟುಕೊಳ್ಳೋಣ. ನೂರು ಜನ ಒಳಬಂದು ಮೂವರು ಕೊಂಡರೆ ಒಂದು ಆರ್ಡರಿನ ಜಾಹೀರಾತು ಖರ್ಚು 333 ರೂಪಾಯಿ. 200 ರೂಪಾಯಿಯ ಪೊಟ್ಟಣ ಮಾರುವವರಿಗೆ ಇದು ಅಸಲಿಗೇ ಏಟು. ಹೀಗಿರುವಾಗ ಒಂದೋ ಮತ್ತೆ ಮತ್ತೆ ಕೊಳ್ಳುವ ಗಿರಾಕಿಗಳಿರಬೇಕು, ಇಲ್ಲವೇ ನಾಲ್ಕಾರು ಪದಾರ್ಥಗಳನ್ನು ಸೇರಿಸಿ ಕಟ್ಟಿ ಮಾರಬೇಕು, ಇಲ್ಲವೇ ಜಾಹೀರಾತನ್ನು ಬಿಟ್ಟು ಬರವಣಿಗೆ ಮತ್ತು ವಿಡಿಯೊಗಳ ದಾರಿ ಹಿಡಿಯಬೇಕು. ನಿಶ್ ಆಯ್ಕೆಯ ಅರ್ಧ ತೀರ್ಮಾನ ಈ ಲೆಕ್ಕದಲ್ಲೇ ಆಗಿಬಿಡುತ್ತದೆ.

ಅತ್ತಿಗೆಯ ವ್ಯಾಪಾರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಹನುಮಂತನಗರದ ಮನೆಯಲ್ಲಿ ಅವರು ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಮಿಲ್ಲಿಗೆ ಕೊಡುತ್ತಾರೆ. ಈ ಹಿಟ್ಟಿಗೆ ಆನ್‌ಲೈನ್‌ನಲ್ಲಿ ಯಾವ ನಿಶ್ ಸರಿ ಎಂದು ಪ್ಲಾನರ್ ಅನ್ನು ಕೇಳಿದಾಗ ಅದು ಮುಂದಿಟ್ಟ ಸಲಹೆಗಳಲ್ಲಿ ಎದ್ದು ಕಂಡದ್ದು ಮಕ್ಕಳ ಆಹಾರದ ಪದಗಳು: ರಾಗಿ ಸರಿ, ಆರು ತಿಂಗಳ ಮಗುವಿಗೆ ರಾಗಿ, ಸ್ಪ್ರೌಟೆಡ್ ರಾಗಿ ಪೌಡರ್ ಫಾರ್ ಬೇಬೀಸ್. ಹುಡುಕಾಟವೂ ಚೆನ್ನಾಗಿತ್ತು, ಬಿಡ್ ಕೂಡ ಇತ್ತು. ತರಗತಿಯ ಹಾಳೆಯ ಪ್ರಕಾರ ಇದೇ ಸರಿಯಾದ ನಿಶ್ ಆಗಬೇಕಿತ್ತು. ಆದರೆ ಶಿಶು ಹಾಲಿನ ಬದಲಿ ಪದಾರ್ಥಗಳು, ಹಾಲುಬಾಟಲಿ ಮತ್ತು ಶಿಶು ಆಹಾರವನ್ನು ಕುರಿತ 1992ರ ಕಾಯ್ದೆಯು, 2003ರ ತಿದ್ದುಪಡಿಯ ನಂತರ, ಎರಡು ವರ್ಷದವರೆಗಿನ ಮಕ್ಕಳ ಪೂರಕ ಆಹಾರವೆಂದು ಮಾರುವ ಪದಾರ್ಥಗಳಿಗೂ ಜಾಹೀರಾತನ್ನು ನಿಷೇಧಿಸುತ್ತದೆ. ಮನೆಯಲ್ಲಿ ಅಜ್ಜಿ ಮೊಮ್ಮಗುವಿಗೆ ರಾಗಿ ಸರಿ ಮಾಡಿ ತಿನ್ನಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಪೊಟ್ಟಣ ಕಟ್ಟಿ, ಕಂದನ ಚಿತ್ರ ಹಾಕಿ, ಆರು ತಿಂಗಳಿನಿಂದಲೇ ಕೊಡಿ ಎಂದು ಪ್ರಚಾರ ಮಾಡುವುದಕ್ಕೆ ಕಾನೂನಿನ ಅಡ್ಡಿಯಿದೆ. ಪ್ಲಾನರ್‌ನ ಯಾವ ಅಂಕಣದಲ್ಲೂ ಇದು ಕಾಣಿಸುವುದಿಲ್ಲ, ಕಾಣಿಸಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಎರಡನೆಯ ದಾರಿಯಾಗಿ ಹೊಳೆದ ‘ಶುಗರ್ ಇರುವವರಿಗೆ ರಾಗಿ’ ಎಂಬ ಗುಂಪಿನ ಗತಿಯೂ ಸುಮಾರು ಹೀಗೆಯೇ: ಕಾಯಿಲೆ ವಾಸಿಯಾಗುತ್ತದೆ ಎಂದು ಬರೆಯುವಂತಿಲ್ಲ, 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡವಿದೆ. ಆಹಾರ, ಔಷಧ, ಸಾಲ, ಹೂಡಿಕೆ ಇವುಗಳಲ್ಲಿ ಯಾವುದನ್ನೇ ನಿಶ್ ಆಗಿ ಹಿಡಿಯಲು ಹೊರಟವರು ಕೀವರ್ಡ್ ಪಟ್ಟಿಗಿಂತ ಮೊದಲು ಕಾಯ್ದೆಯನ್ನು ಓದುವುದು ಒಳ್ಳೆಯದು.

ಕೊನೆಗೆ ಉಳಿದದ್ದು ದೊಡ್ಡವರು ಬೆಳಿಗ್ಗೆ ಕುಡಿಯುವ ರಾಗಿ ಮಾಲ್ಟ್. ಹುಡುಕಾಟ ಅಷ್ಟಿಷ್ಟು ಕಡಿಮೆ, ಆದರೆ ಪೈಪೋಟಿಯ ಸ್ವರೂಪ ಬೇರೆ. ಮೊದಲ ಪುಟವನ್ನು ಕಣ್ಣಾರೆ ನೋಡಿದಾಗ, ಅಲ್ಲಿದ್ದ ಹೆಚ್ಚಿನ ಪುಟಗಳು ಮಾಡುವ ವಿಧಾನವನ್ನು ಹೇಳುತ್ತಿದ್ದವೇ ಹೊರತು ಬೆಂಗಳೂರಿನ ಯಾವ ಬಡಾವಣೆಗೆ ತಲುಪಿಸುತ್ತಾರೆ, ಎಷ್ಟು ದಿನ ಕೆಡದೆ ಇರುತ್ತದೆ, ಸಕ್ಕರೆ ಬೆರೆಸಿದ್ದಾರೆಯೇ ಎಂಬುದನ್ನು ಹೇಳುತ್ತಿರಲಿಲ್ಲ. ಮೊದಲ ಹತ್ತು ಫಲಿತಾಂಶಗಳನ್ನು ಒಂದೊಂದಾಗಿ ತೆರೆದು ಓದುವ ಈ ಕೆಲಸಕ್ಕೆ ಯಾವ ಸಾಧನವೂ ಬದಲಿಯಲ್ಲ, ಮತ್ತು ಇದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ.

ಪ್ಲಾನರ್‌ನಲ್ಲಿ ಸ್ಥಳವನ್ನು ಇಡೀ ಭಾರತ ಎಂದು ಬಿಡದೆ ಬೆಂಗಳೂರು ಅಥವಾ ಕರ್ನಾಟಕ ಎಂದು ಬದಲಾಯಿಸಿಕೊಳ್ಳುವ ಸೌಲಭ್ಯವಿದೆ, ಇದು ನನಗೆ ಬಹಳ ಮೆಚ್ಚುಗೆಯಾದ ಅಂಶ. ಗಿರಿನಗರ, ವಿಜಯನಗರಗಳಿಗೆ ಸ್ಕೂಟರಿನಲ್ಲಿ ಸರಕು ತಲುಪಿಸುವವರಿಗೆ ದೆಹಲಿಯ ಹುಡುಕಾಟದಿಂದ ಆಗಬೇಕಾದ್ದೇನೂ ಇಲ್ಲ. ಭಾಷೆಯ ವಿಷಯ ಮಾತ್ರ ಇಷ್ಟು ಸಲೀಸಲ್ಲ. ನಮ್ಮ ಜನ ಮನೆಯಲ್ಲಿ ಅಪ್ಪಟ ಕನ್ನಡ ಮಾತನಾಡುವವರಾದರೂ ಫೋನಿನಲ್ಲಿ ಹುಡುಕುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ‘ಅಕ್ಕಿ ರೊಟ್ಟಿ ರೆಸಿಪಿ ಇನ್ ಕನ್ನಡ’ ಎಂದು ಬರೆಯುತ್ತಾರೆ. ಕೆಲವರು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಇನ್ನು ಕೆಲವರು ಬರೆಯದೆ ಬಾಯಲ್ಲೇ ಹೇಳುತ್ತಾರೆ. ಊರಿನ ಅಧಿಕೃತ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಿಂದ ಬೆಂಗಳೂರು ಎಂದಾಗಿದ್ದರೂ ಹುಡುಕುವವರ ಬೆರಳು ಇನ್ನೂ ಬ್ಯಾಂಗಲೋರ್ ಅನ್ನು ಬಿಟ್ಟಿಲ್ಲ. ಆದ್ದರಿಂದ ಭಾಷೆಯನ್ನು ಕನ್ನಡ ಎಂದು ಮಾತ್ರ ಆರಿಸಿ ಬಂದ ಸಣ್ಣ ಸಂಖ್ಯೆಯನ್ನು ನೋಡಿ ಕನ್ನಡಿಗರಲ್ಲಿ ಬೇಡಿಕೆಯೇ ಇಲ್ಲ ಎಂದುಕೊಳ್ಳಬಾರದು. ಎಲ್ಲ ಭಾಷೆಗಳು ಎಂದು ಇಟ್ಟು, ಒಂದೇ ಪದಾರ್ಥವನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳ ಎರಡು ಮೂರು ಕಾಗುಣಿತಗಳಲ್ಲಿ ಮತ್ತೊಮ್ಮೆ ಹಾಕಿ ನೋಡುವುದು ಲೇಸು.

ಹತ್ತು ಪಟ್ಟು ಅಗಲದ ವ್ಯಾಪ್ತಿಯ ಕೊರತೆಯನ್ನು ತುಂಬಲು ಗೂಗಲ್‌ನದೇ ಇನ್ನೊಂದು ಉಚಿತ ಸಾಧನ ಟ್ರೆಂಡ್ಸ್ ನೆರವಿಗೆ ಬರುತ್ತದೆ. ಇದರಲ್ಲಿ ಹುಡುಕಾಟದ ಸಂಖ್ಯೆ ಬರುವುದಿಲ್ಲ. ಆರಿಸಿದ ಅವಧಿಯ ಅತಿ ಎತ್ತರದ ಹಂತವನ್ನು 100 ಎಂದು ಹಿಡಿದು ಉಳಿದುದನ್ನು ಅದಕ್ಕೆ ಹೋಲಿಸಿ ತೋರಿಸುತ್ತದೆ. 2004ರಿಂದ ಈಚಿನ ಮಾಹಿತಿ ಇದೆ, ಒಮ್ಮೆಗೆ ಐದು ಪದಗಳವರೆಗೆ ಹೋಲಿಸಬಹುದು. ಪ್ಲಾನರ್‌ನಲ್ಲಿ ಒಂದೇ ವ್ಯಾಪ್ತಿಯಲ್ಲಿ ಕುಳಿತ ಎರಡು ಪದಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟರೆ ಯಾವುದು ದೊಡ್ಡದು, ಸುಮಾರು ಎಷ್ಟು ಪಟ್ಟು ಎಂಬುದು ಗೊತ್ತಾಗುತ್ತದೆ. ಋತುಮಾನದ ವ್ಯಾಪಾರಕ್ಕಂತೂ ಟ್ರೆಂಡ್ಸ್ ಇಲ್ಲದೆ ಕೈಹಾಕಬಾರದು. ಕರ್ನಾಟಕವನ್ನು ಆರಿಸಿ ಅವರೆಕಾಯಿ ಎಂದು ಹುಡುಕಿದರೆ ಡಿಸೆಂಬರ್, ಜನವರಿಯ ಸುಮಾರಿಗೆ ಪ್ರತಿ ವರ್ಷ ಏಳುವ ಗೆರೆ ಕಾಣಿಸುತ್ತದೆ. ಬೆಂಗಳೂರಿನಲ್ಲಿ ಅವರೆಕಾಯಿ ಮೇಳದ ಪೆಂಡಾಲು ಏಳುವ ದಿನಗಳೂ ಅವೇ. ಹಿದಕಿದ ಅವರೆ ಮಾರುವವರು ಮೇಳ ಶುರುವಾದ ಮೇಲೆ ಪುಟ ಬರೆಯಲು ಕೂತರೆ ಗೂಗಲ್ ಅದನ್ನು ಗಮನಿಸುವಷ್ಟರಲ್ಲಿ ಸಂಕ್ರಾಂತಿ ಕಳೆದಿರುತ್ತದೆ. ಯೂಟ್ಯೂಬ್ ಹುಡುಕಾಟವನ್ನು ಪ್ರತ್ಯೇಕವಾಗಿ ನೋಡುವ ಆಯ್ಕೆಯೂ ಟ್ರೆಂಡ್ಸ್‌ನಲ್ಲಿದೆ, ಪ್ಲಾನರ್‌ನಲ್ಲಿ ಇಲ್ಲ; ಕನ್ನಡದ ಅಡುಗೆಯ ವಿಷಯದಲ್ಲಿ ಇದು ಸಣ್ಣ ವ್ಯತ್ಯಾಸವೇನಲ್ಲ. ಹುಡುಕಾಟ ತೀರ ಕಡಿಮೆ ಇರುವ ಪದಕ್ಕೆ ಮಾತ್ರ ಸಾಕಷ್ಟು ಮಾಹಿತಿ ಇಲ್ಲ ಎಂದು ಅದು ಕೈಚೆಲ್ಲಿಬಿಡುತ್ತದೆ.

ಅಹ್ರೆಫ್ಸ್, ಸೆಮ್‌ರಶ್‌ನಂತಹ ಹಣ ಕೊಟ್ಟು ಕೊಳ್ಳುವ ಸಾಧನಗಳ ಬಗ್ಗೆ ಒಂದೇ ಮಾತು. ಮೊದಲ ಪುಟ ಹಿಡಿಯುವುದು ಎಷ್ಟು ಕಷ್ಟ ಎಂಬುದನ್ನು ಇವು 0ಯಿಂದ 100ರ ಅಂಕದಲ್ಲಿ ಹೇಳುತ್ತವೆ, ಮತ್ತು ಅಹ್ರೆಫ್ಸ್‌ನ ಅಂಕವು ಮುಖ್ಯವಾಗಿ ಮೊದಲ ಹತ್ತು ಪುಟಗಳಿಗೆ ಎಷ್ಟು ಬೇರೆ ತಾಣಗಳು ಕೊಂಡಿ ಕೊಟ್ಟಿವೆ ಎಂಬುದನ್ನು ಆಧರಿಸಿದೆ. ಇಂಗ್ಲಿಷಿನ ದೊಡ್ಡ ವಿಷಯಗಳಿಗೆ ಒಳ್ಳೆಯವು. ಕನ್ನಡದ ಸಣ್ಣ ಪದಗಳಿಗೆ ಅವುಗಳಲ್ಲಿ ಖಾಲಿ ಸಾಲುಗಳೇ ಹೆಚ್ಚು. ಮೊದಲ ವರ್ಷದಲ್ಲಿ ಆ ಶುಲ್ಕವನ್ನು ಒಳ್ಳೆಯ ಫೋಟೊ ತೆಗೆಸುವುದಕ್ಕೆ ಖರ್ಚು ಮಾಡಿ ಎಂದೇ ನಾನು ಹೇಳುವುದು.

ಪ್ರತಿದಿನ ತಾನು ನೋಡುವ ಹುಡುಕಾಟಗಳಲ್ಲಿ ಶೇಕಡ 15ರಷ್ಟು ಹಿಂದೆಂದೂ ಯಾರೂ ಕೇಳಿರದ ರೂಪದಲ್ಲಿರುತ್ತವೆ ಎಂದು ಗೂಗಲ್ ತಾನೇ ಹೇಳಿಕೊಂಡಿದೆ. ಅಂತಹ ಸಾಲುಗಳು ಯಾವ ಪ್ಲಾನರ್‌ನಲ್ಲೂ ಸಿಗುವುದಿಲ್ಲ, ಆದರೆ ವ್ಯಾಪಾರಿಯ ಫೋನಿನಲ್ಲಿ ಸಿಗುತ್ತವೆ. ಅತ್ತಿಗೆಯ ವಾಟ್ಸಾಪ್‌ನಲ್ಲಿ ಒಬ್ಬರು ಹೀಗೆ ಕೇಳಿದ್ದರು: ‘ಮೇಡಂ, ಮೊಳಕೆ ಕಟ್ಟಿದ ರಾಗಿ ಹಿಟ್ಟು ಅರ್ಧ ಕೆಜಿ ಇದ್ಯಾ? ಸಕ್ಕರೆ ಹಾಕಿಲ್ಲ ತಾನೆ? ಗಿರಿನಗರಕ್ಕೆ ಕಳಿಸ್ತೀರಾ?’ ಈ ಮೂರು ಪ್ರಶ್ನೆಗಳನ್ನೇ ಮೂರು ಉಪಶೀರ್ಷಿಕೆಗಳಾಗಿಸಿ ಒಂದು ಪುಟ ಬರೆಯಿಸಿದೆವು. ಪುಟ ಪ್ರಕಟವಾಗಿ ಕೆಲವು ವಾರಗಳಾದ ಮೇಲೆ, ಮತ್ತೊಂದು ಉಚಿತ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ಯಾವ ಯಾವ ಪದಗಳಿಗೆ ನಮ್ಮ ಪುಟ ಕಾಣಿಸಿಕೊಂಡಿದೆ ಎಂಬುದು ಬರತೊಡಗುತ್ತದೆ. 16 ತಿಂಗಳವರೆಗಿನ ಮಾಹಿತಿ ಅಲ್ಲಿ ಉಳಿಯುತ್ತದೆ. ‘ಸಕ್ಕರೆ ಇಲ್ಲದ ರಾಗಿ ಮಾಲ್ಟ್’ ಎಂಬ ಸಾಲು ಪ್ಲಾನರ್ ಕೊಟ್ಟ ಪಟ್ಟಿಯಲ್ಲಿ ಇರಲಿಲ್ಲ, ಕನ್ಸೋಲ್‌ನಲ್ಲಿ ಬಂತು.

ಹೀಗಾಗಿ ಪ್ಲಾನರ್‌ಗೆ ನಾನು ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಸ್ಥಳದ ಆಯ್ಕೆಗೆ ಮತ್ತು ಬಿಡ್ ಕಾಲಮ್‌ಗಳಿಗೆ ಪೂರ್ತಿ ಅಂಕ. ಹುಡುಕಾಟದ ಸಂಖ್ಯೆಯ ಅಸ್ಪಷ್ಟತೆಗೆ ಒಂದು ಅಂಕ, ಕಾಂಪಿಟಿಷನ್ ಎಂಬ ಹೆಸರಿನಿಂದ ಹೊಸಬರಲ್ಲಿ ಹುಟ್ಟುವ ಗೊಂದಲಕ್ಕೆ ಇನ್ನೊಂದು ಅಂಕ ಕಳೆದಿದ್ದೇನೆ. ಪ್ಲಾನರ್ ಕಲಿಸುತ್ತೇವೆಂದು ಸಾವಿರಾರು ರೂಪಾಯಿ ಶುಲ್ಕ ಕೇಳುವ ತರಗತಿಗೆ ಸೇರುವ ಮುನ್ನ, ಅಲ್ಲಿ ಕಲಿಸುವವರನ್ನು ಕಾಂಪಿಟಿಷನ್ ಕಾಲಮ್ ಯಾರ ಪೈಪೋಟಿಯನ್ನು ತೋರಿಸುತ್ತದೆ ಎಂದು ಕೇಳಿ ನೋಡಿ. ಉತ್ತರ ಸರಿಯಾಗಿ ಬಾರದಿದ್ದರೆ ಆ ಹಣವನ್ನು ಉಳಿಸಿಕೊಳ್ಳಬಹುದು.