ಹದಿನಾಲ್ಕು ತಿಂಗಳು, ನಾಲ್ಕು ‘ಪಾರ್ಲ್’, ಒಂದು ಜಗಳ

ಫ್ರೆಂಚ್ ಕ್ರಿಯಾಪದ ತಿದ್ದಿಸೋ ಈ ಆಪಿಗೆ ವರ್ಷಕ್ಕೆ 1,499 ರೂಪಾಯಿ ಕೊಡ್ತಾ ಬಂದು ಹದಿನಾಲ್ಕು ತಿಂಗಳಾಯ್ತು. ಅಂದ್ರೆ ಒಂದು ಸಲ ರಿನ್ಯೂ ಕೂಡ ಮಾಡಿದ್ದೀನಿ, ಅದೂ ಬೈಕೊಂಡೇ. ಎಷ್ಟು ಪಾಠ, ಎಷ್ಟು ಕ್ರಿಯಾಪದ, ಡಾರ್ಕ್ ಮೋಡ್ ಇದೆಯಾ ಅನ್ನೋದೆಲ್ಲ ನೀವು ಆಪಿನ ಪುಟದಲ್ಲಿ ಆಗಲೇ ನೋಡಿರ್ತೀರಿ, ಅದನ್ನ ಬಿಡೋಣ.

ಇದನ್ನ ಹಾಕಿಸಿಕೊಂಡಿದ್ದು ಮಗಳಿಗೋಸ್ಕರ. ಪಿಯುಸಿಯಲ್ಲಿ ಕನ್ನಡ ಬಿಟ್ಟು ಫ್ರೆಂಚ್ ತಗೊಂಡಳು. “ಮಾರ್ಕ್ಸ್ ಬರುತ್ತಮ್ಮ” ಅಂದಳು, ಮುಗೀತು. ಒಂದೇ ತಿಂಗಳಿಗೆ ಅವಳ ಫೋನಿನಿಂದ ಆಪ್ ಮಾಯ. ಕೊಟ್ಟ ದುಡ್ಡು ದಂಡ ಆಗಬಾರದು ಅಂತ ನಾನು ಕೂತೆ. ಹೈಸ್ಕೂಲಲ್ಲಿ ಸಂಸ್ಕೃತ ಮೊದಲನೇ ಭಾಷೆ ಆಗಿದ್ದವಳು ನಾನು. ಲಟ್ ಲಕಾರದ, ಅಂದ್ರೆ ವರ್ತಮಾನಕಾಲದ, ಒಂಬತ್ತು ರೂಪ ನಿದ್ದೆಯಲ್ಲೂ ಹೇಳ್ತಿದ್ದೆ. ಫ್ರೆಂಚಿನ ಆರು ರೂಪ ಯಾವ ಲೆಕ್ಕ ಅನ್ನೋ ಜಂಬ ಇತ್ತು.

ಬೆಳಿಗ್ಗೆ ಹಾಲು ಒಲೆ ಮೇಲಿಟ್ಟು ಉರಿ ಸಣ್ಣ ಮಾಡಿದರೆ ಉಕ್ಕೋದಕ್ಕೆ ಹತ್ತು ನಿಮಿಷ. ಅಷ್ಟರಲ್ಲಿ ಒಂದು ಪಾಠ. ಪರದೆ ಮೇಲೆ ಒಂದು ಕ್ರಿಯಾಪದ ಬರುತ್ತೆ, ಪಾರ್ಲೇ ಅಂತಿಟ್ಟುಕೊಳ್ಳಿ, ಮಾತಾಡು ಅಂತ ಅರ್ಥ. ಅದರ ಕೊನೆಯ ಇ-ಆರ್ ಉದುರಿ ಬೀಳುತ್ತೆ. ಕೆಳಗೆ ಆರು ಖಾಲಿ ಮನೆ: ನಾನು, ನೀನು, ಅವನು ಅಥವಾ ಅವಳು, ನಾವು, ನೀವು, ಅವರು. ಮೇಲಿನಿಂದ ಒಂದೊಂದೇ ಬಾಲ ಇಳಿದು ಬರುತ್ತೆ, ಬೆರಳಲ್ಲಿ ಎಳೆದು ಸರಿಯಾದ ಮನೆಗೆ ಹಾಕಬೇಕು. ಇ, ಇ-ಎಸ್, ಇ, ಓ-ಎನ್-ಎಸ್, ಇ-ಝಡ್, ಇ-ಎನ್-ಟಿ. ಆರೂ ಕೂತರೆ ದೇವಸ್ಥಾನದ ಸಣ್ಣ ಗಂಟೆ ಥರ ಒಂದು ‘ಟಿಣ್’. ಆ ಸದ್ದಿಗೆ ನಾನು ಎಷ್ಟು ಒಗ್ಗಿಹೋದೆ ಅಂದ್ರೆ, ಮಿಕ್ಸಿ ಹಾಕೋವಾಗಲೂ ಬಾಯಲ್ಲಿ ಹದಿಮೂರರ ಮಗ್ಗಿ ಥರ ಇ, ಇ-ಎಸ್, ಇ ಓಡ್ತಿರುತ್ತೆ. ಫ್ರೆಂಚಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಕ್ರಿಯಾಪದ ಇದೇ ಇ-ಆರ್ ಗುಂಪಿನವು. ಹಾಗಾಗಿ ಎರಡೇ ವಾರದಲ್ಲಿ ಏನೋ ದೊಡ್ಡದು ಸಾಧಿಸಿದ ಹಾಗೆ ಅನಿಸುತ್ತೆ, ಅನಿಸೋದರಲ್ಲಿ ತಪ್ಪೂ ಇಲ್ಲ.

ಮೊದಲ ಮೂರು ತಿಂಗಳು ನನ್ನ ರೇಟಿಂಗ್ ಐದಕ್ಕೆ ಐದು. ಇಂಗ್ಲಿಷಿನಲ್ಲಿ ವಿವರಣೆ ಕೊಡೋದೊಂದೇ ಕಿರಿಕಿರಿ. ‘ಫ್ರೆಂಚಿನಲ್ಲಿ ಯಾರು ಮಾಡ್ತಾರೆ ಅನ್ನೋದರ ಮೇಲೆ ಕ್ರಿಯಾಪದ ಬದಲಾಗುತ್ತೆ!’ ಅಂತ ಆಶ್ಚರ್ಯಸೂಚಕ ಹಾಕಿ ಹೇಳುತ್ತೆ. ಅಯ್ಯೋ, ಮಾಡ್ತೀನಿ, ಮಾಡ್ತೀಯ, ಮಾಡ್ತಾನೆ, ಮಾಡ್ತೀವಿ, ಮಾಡ್ತೀರ, ಮಾಡ್ತಾರೆ. ನಮಗಿದು ತೊಟ್ಟಿಲಲ್ಲೇ ಬಂದಿದ್ದು. ತ್ಯು, ವು ಯಾರಿಗೆ ಯಾವಾಗ ಅನ್ನೋದಕ್ಕೆ ಎರಡು ಪುಟ. ನೀನು, ನೀವು ಅಂದಿದ್ದರೆ ಎರಡು ಪದಕ್ಕೆ ಮುಗೀತಿತ್ತು. ಇನ್ನು ‘ಹತ್ತು ವರ್ಷದಿಂದ ಇಲ್ಲಿದ್ದೀನಿ’ ಅನ್ನೋದಕ್ಕೆ ಫ್ರೆಂಚಿನವರು ‘ಝಬಿತ್ ಇಸಿ ದಪ್ವಿ ದಿಜ಼ಾಂ’ ಅಂತ ವರ್ತಮಾನದಲ್ಲೇ ಹೇಳ್ತಾರೆ. ಇಂಗ್ಲಿಷಿನವರಿಗೆ ಅಲ್ಲಿ ಬೇರೆ ಕಾಲವೇ ಬೇಕು, ಅದಕ್ಕೆ ಆಪು ಈ ಪಾಠವನ್ನ ‘ಕಠಿಣ’ ಪಟ್ಟಿಯಲ್ಲಿಟ್ಟಿದೆ. ನನಗೆ ಅದು ಕನ್ನಡ ವಾಕ್ಯ ಓದಿದ ಹಾಗೇ ಇತ್ತು.

ನಾಲ್ಕನೇ ತಿಂಗಳಲ್ಲಿ ‘ಕೇಳಿ, ಬರೆಯಿರಿ’ ಅನ್ನೋ ವಿಭಾಗಕ್ಕೆ ಬಂದೆ. ಜಗಳ ಶುರುವಾಗಿದ್ದು ಅಲ್ಲಿ.

ಒಂದು ಹೆಣ್ಣು ದನಿ ‘ಇಲ್ ಪಾರ್ಲ್’ ಅನ್ನುತ್ತೆ. ಹಿಂದಿಲ್ಲ, ಮುಂದಿಲ್ಲ, ಅಷ್ಟೇ ವಾಕ್ಯ. ‘ಅವರು ಮಾತಾಡ್ತಾರೆ’ ಅಂತ ಫ್ರೆಂಚಿನಲ್ಲಿ ಬರೆದೆ. ಕೆಂಪು. ಸರಿಯುತ್ತರ ‘ಅವನು ಮಾತಾಡ್ತಾನೆ’. ಆಯ್ತು ಅಂತ ಮಾರನೇ ದಿನ ‘ಅವನು’ ಬರೆದೆ. ಮತ್ತೆ ಕೆಂಪು, ಈ ಸಲ ‘ಅವರು’ ಬೇಕಿತ್ತಂತೆ. ಆಗ ದುಡ್ಡು ಕೊಟ್ಟವರಿಗೂ ದಿನಕ್ಕೆ ಐದೇ ಜೀವ ಈ ಆಪಿನಲ್ಲಿ, ಒಂದು ತಪ್ಪಿಗೆ ಒಂದು ಹೋಗುತ್ತೆ. ಎರಡು ಜೀವ ಇದಕ್ಕೇ ಹೋದವು. ನನ್ನ ಕಿವೀಲೇ ದೋಷ ಅಂದುಕೊಂಡು ಮೆಟ್ರೋದಲ್ಲಿ ಇಯರ್‌ಫೋನ್ ಹಾಕಿ, ಯಲಚೇನಹಳ್ಳಿಯಿಂದ ಮೆಜೆಸ್ಟಿಕ್‌ವರೆಗೂ ಅದೇ ಎರಡು ಪದ ಕೇಳಿದ್ದೇ ಕೇಳಿದ್ದು. ಪಕ್ಕದಲ್ಲಿ ಕೂತಿದ್ದ ಹುಡುಗಿ ನನ್ನ ಮುಖವನ್ನೇ ನೋಡ್ತಿದ್ದಳು, ನಾನು ಗೊಣಗ್ತಿದ್ದೆ ಅನಿಸುತ್ತೆ.

ಆ ರಾತ್ರಿ ಮಗಳ ಹಳೇ ನೋಟ್‌ಬುಕ್ ತಗೊಂಡು, ಕೇಳಿದ್ದನ್ನ ಕೇಳಿದ ಹಾಗೆ ಕನ್ನಡದಲ್ಲಿ ಬರೆದೆ. ಝ ಪಾರ್ಲ್. ತ್ಯು ಪಾರ್ಲ್. ಇಲ್ ಪಾರ್ಲ್. ನು ಪಾರ್ಲೋಂ. ವು ಪಾರ್ಲೇ. ಇಲ್ ಪಾರ್ಲ್. ಪುಟ ನೋಡಿದ ತಕ್ಷಣ ಕಳ್ಳ ಸಿಕ್ಕಿಬಿದ್ದ. ಆರು ಸಾಲಿನಲ್ಲಿ ನಾಲ್ಕು ಕಡೆ ಅದೇ ಪಾರ್ಲ್. ಅವನು, ಅವರು ಎರಡಕ್ಕೂ ಕಿವಿಗೆ ಬೀಳೋದು ಇಲ್ ಪಾರ್ಲ್ ಮಾತ್ರ. ‘ಅವರು’ ಅನ್ನೋದಕ್ಕೆ ಇಲ್ ಪಕ್ಕ ಒಂದು ಎಸ್, ಕ್ರಿಯಾಪದಕ್ಕೆ ಇ-ಎನ್-ಟಿ, ಎರಡೂ ಕಾಗದದ ಮೇಲಷ್ಟೇ. ನಾಲ್ಕು ತಿಂಗಳು ನಾನು ಬೆರಳಲ್ಲಿ ಎಳೆದು ಮನೆ ಸೇರಿಸಿದ ಬಾಲಗಳಲ್ಲಿ ನಾಲ್ಕಕ್ಕೆ ಉಸಿರೇ ಇರಲಿಲ್ಲ. ಆ ‘ಟಿಣ್’ ಖುಷಿಯಲ್ಲಿ ಇದನ್ನ ಆಪು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ನಾವು ‘ನಾನು’ ಬಿಟ್ಟು ‘ಬರ್ತೀನಿ’ ಅಂದರೂ ನಡೆಯುತ್ತೆ, ಯಾರು ಅನ್ನೋದು ಬಾಲದಲ್ಲೇ ಇದೆ. ಫ್ರೆಂಚಿನವರು ಪ್ರತಿ ವಾಕ್ಯಕ್ಕೂ ಝ, ತ್ಯು, ಇಲ್ ಅಂತ ಯಾಕೆ ಹಿಡಿದುಕೊಂಡಿರ್ತಾರೆ ಅನ್ನೋದು ನನಗೆ ಹೊಳೆದದ್ದು ಆವತ್ತೇ. ಬಾಲ ಸತ್ತಮೇಲೆ ತಲೆಯನ್ನಾದರೂ ಹಿಡಿದುಕೊಳ್ಳಬೇಕಲ್ಲ.

ಕಂಪನಿಗೆ ಮೇಲ್ ಹಾಕಿದೆ: ಒಂದೇ ಉಚ್ಚಾರ, ಎರಡು ಬರವಣಿಗೆ, ಎರಡನ್ನೂ ಸರಿ ಅನ್ನಿ. ಮೂರು ವಾರ ಬಿಟ್ಟು ಉತ್ತರ ಬಂತು: ‘ದಯವಿಟ್ಟು ಆಪನ್ನು ಅಪ್‌ಡೇಟ್ ಮಾಡಿ, ಮೈಕ್ ಅನುಮತಿ ಪರೀಕ್ಷಿಸಿ.’ ಕೇಳಿ ಬರೆಯೋದಕ್ಕೆ ಮೈಕ್ ಯಾಕಪ್ಪಾ ಬೇಕು? ಇನ್ನೊಂದು ಮೇಲ್ ಹಾಕಿದೆ, ಅದಕ್ಕೂ ಇದೇ ಉತ್ತರ, ಹೆಸರು ಮಾತ್ರ ಬೇರೆ. ಒಂದು ಸ್ಟಾರ್ ಹಾಕಿ ಡಿಲೀಟ್ ಮಾಡೋಣ ಅಂತ ಕೂತಿದ್ದ ಭಾನುವಾರವೇ ನಮ್ಮ ಮಾವ ಮಧ್ಯ ಬಂದರು.

ಮಾವ ಸಂಸ್ಕೃತದ ಮೇಷ್ಟ್ರಾಗಿದ್ದು ರಿಟೈರಾದವರು. ಫೋನಿನ ‘ಇಲ್ ಪಾರ್ಲ್’ ಕೇಳಿಸಿಕೊಂಡು ಪೇಪರ್ ಮಡಿಸಿಟ್ಟು, “ಇದು ಏಕವಚನವೋ ಬಹುವಚನವೋ, ಹೆಂಗಮ್ಮಾ ಗೊತ್ತಾಗುತ್ತೆ?” ಅಂದರು. ಅದೇ ಗೊತ್ತಾಗಲ್ಲ ಮಾವ ಅಂತ ನೋಟ್‌ಬುಕ್ ತೋರಿಸಿದೆ. ಫ್ರೆಂಚ್ ಅಕ್ಷರದಲ್ಲಿ ಬರೆದಿದ್ದ ಪಕ್ಕದ ಪುಟವನ್ನ ಸ್ವಲ್ಪ ಹೊತ್ತು ನೋಡಿ, ‘ಫಿನೀರ್’ ಮೇಲೆ ಬೆರಳಿಟ್ಟರು. ಮುಗಿಸು ಅಂತ ಅರ್ಥ. ನೀನು ಮುಗಿಸ್ತೀಯ ಅನ್ನೋದರ ಕೊನೆಗೆ ಎಸ್, ಅವನು ಮುಗಿಸ್ತಾನೆ ಅನ್ನೋದಕ್ಕೆ ಟಿ, ಅವರಿಗೆ ಎನ್-ಟಿ. “ಭವಸಿ, ಭವತಿ, ಭವಂತಿ. ಸಿ, ತಿ, ಅಂತಿ. ನಮ್ಮ ಪ್ರತ್ಯಯಗಳೇ ಅಲ್ವೇನಮ್ಮಾ?” ಅಂದರು. ನನಗೆ ಮೈ ಜುಮ್ಮೆಂದಿತು. ಮಾವ ಹೇಳಿದ್ದು ಹೆಚ್ಚುಕಡಿಮೆ ಸರಿ. ಸಂಸ್ಕೃತ, ಫ್ರೆಂಚಿನ ತಾಯಿಯಾದ ಲ್ಯಾಟಿನ್ ಎರಡಕ್ಕೂ ಒಂದೇ ಮೂಲದಿಂದ ಬಂದ ಬಾಲಗಳು ಅವು. ‘ಅವರು ಪ್ರೀತಿಸ್ತಾರೆ’ ಅನ್ನೋದು ಲ್ಯಾಟಿನ್‌ನಲ್ಲಿ ‘ಅಮಂತ್’, ಅದು ಸವೆದು ಸವೆದು ಫ್ರೆಂಚ್ ಬಾಯಲ್ಲಿ ‘ಎಮ್’ ಆಗಿ ಉಳೀತು. ಬರೆಯೋವಾಗ ಮಾತ್ರ ಎನ್-ಟಿ ಇವತ್ತಿಗೂ ಇದೆ. “ಬಾಯಲ್ಲಿ ಸತ್ತುಹೋಗಿದೆ, ಬರವಣಿಗೇಲಿ ತಿಥಿ ಮಾಡ್ಕೊಂಡು ಬಂದಿದ್ದಾರೆ” ಅಂತ ಮಾವ ಕಾಫಿ ಲೋಟ ಎತ್ತಿಕೊಂಡರು.

ಡಿಲೀಟ್ ಮಾಡಲಿಲ್ಲ. ಕೆಂಪು ಬಿದ್ದದ್ದನ್ನೆಲ್ಲ ಕನ್ನಡದಲ್ಲಿ ಬರೆದಿಡೋದು ಅಭ್ಯಾಸವಾಯ್ತು, ಆಗ ಕಿವಿಗೆ ಬೀಳೋ ವ್ಯತ್ಯಾಸ ಎಲ್ಲೆಲ್ಲಿದೆ ಅಂತ ಕಾಣೋಕೆ ಶುರುವಾಯ್ತು. ಕ್ರಿಯಾಪದ ಸ್ವರದಿಂದ ಶುರುವಾದರೆ ‘ಅವರು’ ಅನ್ನೋದರ ಸತ್ತ ಎಸ್ ಎದ್ದು ಕೂರುತ್ತೆ: ಅವನು ‘ಇಲ್ ಎಮ್’, ಅವರು ‘ಇಲ್ ಜ಼ೆಮ್’. ಆ ಜ಼ ಒಂದೇ ಗುರುತು. ಐ-ಆರ್ ಗುಂಪಿನಲ್ಲಿ ಅವನು ‘ಫಿನಿ’, ಅವರು ‘ಫಿನಿಸ್’. ಬಹುವಚನದ ಮೂರಕ್ಕೂ ನಡುವೆ ಎರಡು ಎಸ್ ಬಂದು ಕೂರುತ್ತೆ: ಫಿನಿಸೋಂ, ಫಿನಿಸೇ, ಫಿನಿಸ್. ಈ ಗುಂಪಿನ ರೂಝೀರ್ ಅಂದ್ರೆ ಕೆಂಪಾಗು, ಗ್ರಾಂದೀರ್ ಅಂದ್ರೆ ದೊಡ್ಡದಾಗು, ನಮ್ಮ ‘ಆಗು’ ಅಲ್ಲಿ ಬಾಲದೊಳಗೇ ಸೇರಿಕೊಂಡಿದೆ. ಮಲಗು ಅನ್ನೋ ದೊರ್ಮೀರ್ ನೋಡೋಕೆ ಇದೇ ಜಾತಿ, ಆದರೆ ಅಲ್ಲ. ನನ್ನ ಮಗಳು ಟೆಸ್ಟಿನಲ್ಲಿ ‘ನು ದೊರ್ಮಿಸೋಂ’ ಬರೆದು ಬಂದಳು, ‘ದೊರ್ಮೋಂ’ ಆಗಬೇಕಿತ್ತು. ಆಪು ಅಂಥವನ್ನ ಬೇರೆ ಪೆಟ್ಟಿಗೆಯಲ್ಲಿಟ್ಟಿದೆ, ಅದಕ್ಕೆ ಮೆಚ್ಚುಗೆ. ಆರ್-ಇ ಗುಂಪಿನಲ್ಲಿ ಅವನು ಮಾರ್ತಾನೆ ‘ವಾಂ’, ಅವರು ಮಾರ್ತಾರೆ ‘ವಾಂದ್’. ಕಿವಿಪಾಠಕ್ಕೆ ಇಂಥವನ್ನೇ ಆರಿಸಿ ಕೊಟ್ಟಿದ್ದರೆ ನನ್ನ ಜೀವಗಳು ಉಳೀತಿದ್ದವು, ಅವರಿಗೂ ನನ್ನ ಮೇಲ್ ತಪ್ಪುತ್ತಿತ್ತು.

ಹೋದ ವರ್ಷ ಡೆಲ್ಫ್ ಎ1, ಅಂದ್ರೆ ಫ್ರೆಂಚ್ ಭಾಷೆಯ ಆರಂಭಿಕ ಹಂತದ ಪರೀಕ್ಷೆ ಬರೆದೆ. ನಾಲ್ಕು ಭಾಗ, ಒಂದೊಂದಕ್ಕೆ 25 ಅಂಕ, ಪಾಸಾಗೋಕೆ ಒಟ್ಟು 50, ಯಾವ ಭಾಗದಲ್ಲೂ 5ಕ್ಕಿಂತ ಕಮ್ಮಿ ಬರಬಾರದು. ಕೇಳೋ ಭಾಗದಲ್ಲಿ 17 ಬಂತು. ಅಲ್ಲಿ ಒಂಟಿ ‘ಇಲ್ ಪಾರ್ಲ್’ ಯಾರೂ ಕೇಳಲಿಲ್ಲ. ಬರೆಯೋ ಭಾಗದಲ್ಲಿ ಬಾಲಗಳು ಒಂದೂ ತಪ್ಪಲಿಲ್ಲ ಅನ್ನೋದು ನನ್ನ ನಂಬಿಕೆ, ಆ ಪುಣ್ಯ ಆಪಿನದೇ. ಮಾಂಝೇ (ತಿನ್ನು) ಅನ್ನೋದಕ್ಕೆ ‘ನಾವು’ ಬಂದಾಗ ಇ ಅಕ್ಷರ ಉಳಿಸಿಕೊಳ್ಳಬೇಕು, ಇಲ್ಲದಿದ್ರೆ ‘ಮಾಂಝೋಂ’ ಹೋಗಿ ‘ಮಾಂಗೋಂ’ ಆಗುತ್ತೆ. ಇಂಥ ಸಣ್ಣಪುಟ್ಟದನ್ನ ಬೆರಳಿಗೇ ಕಲಿಸಿಬಿಟ್ಟಿದೆ.

ಐದಕ್ಕೆ ಮೂರು ಕೊಡ್ತೀನಿ. ಕೈಗೆ ಕಲಿಸೋದರಲ್ಲಿ ನಾಲ್ಕೂವರೆ, ಕಿವಿಗೆ ಕಲಿಸೋದರಲ್ಲಿ ಒಂದೂವರೆ. ನೀವು ತಗೊಳ್ಳೋದಾದ್ರೆ ಏಳು ದಿನದ ಉಚಿತ ಅವಧಿಯಲ್ಲಿ ಸೀದಾ ‘ಕೇಳಿ, ಬರೆಯಿರಿ’ಗೆ ಹೋಗಿ. ‘ಇಲ್ ಪಾರ್ಲ್’ಗೆ ಎರಡೂ ಉತ್ತರ ಒಪ್ಪಿಕೊಂಡರೆ ದುಡ್ಡು ಕಟ್ಟಿ, ನನಗೂ ಒಂದು ಮಾತು ತಿಳಿಸಿ. ಮೊನ್ನೆ ಅಪ್‌ಡೇಟ್ ಆದಮೇಲೆ ನಾನೂ ನೋಡಿದೆ. ಜೀವ ಐದರಿಂದ ಏಳಕ್ಕೆ ಏರಿಸಿದ್ದಾರೆ.